ಎರಡರಿಂದ ಎಂಟು ಡಿಗ್ರಿ

ಎರಡರಿಂದ ಎಂಟು ಡಿಗ್ರಿ. ಮೀರಬಾರದು.
ನೀಲಿ ಡಬ್ಬಿ ಮಡಿಲಾಗ ಇಟ್ಕೊಂಡು
ಗುರುಮಠಕಲ್ ಬಸ್ಸಿನ್ಯಾಗ ಕುಂತೀನಿ.
ಕಿಟಕಿ ಹೊರಗ ಯಾದಗಿರಿ ಬಿಸಿಲು,
ಅದಕ್ಕ ಯಾರ ಲೆಕ್ಕಾನೂ ಇಲ್ಲ.

ಹೆಡ್‌ಮಾಸ್ತರು ಪಟ್ಟಿ ಕೊಟ್ರು: ಮೂವತ್ತೊಂದು ಹೆಸರು.
ಸೂಜಿ ಇಳಿಯೋ ಹೊತ್ತಿನ್ಯಾಗ ಸಬೀಹಾ
ಹದಿನೇಳರ ಮಗ್ಗಿ ಹಿಡದ್ಲು,
ನೂರಾ ಎರಡಕ್ಕ ಮುಗೀತು. "ಇಷ್ಟೇನಾ?" ಅಂದ್ಲು.
ಒಪ್ಪಿಗಿ ಕಾಗದದ ಮ್ಯಾಲ ಒಂಬತ್ತು ಸಹಿ,
ಉಳಿದದ್ದೆಲ್ಲ ಹೆಬ್ಬಟ್ಟು.
ಮಕ್ಕಳೇ ಅವ್ವಂದಿರಿಗಿ ಓದಿ ಹೇಳ್ಯಾರ,
ಗರ್ಭಕೋಶದ ಬಾಯಿ ಅನ್ನೋ ಸಾಲು ಬಂದಾಗ
ಧ್ವನಿ ಸಣ್ಣ ಮಾಡಿ.

ಡಬ್ಬಿಯಾಗ ಐದು ಉಳಿದವು.

ಶಾಲಿ ಗ್ವಾಡಿಗಿ ಹತ್ತೇ ಹತ್ತಿ ಹೊಲ.
ಸೊಂಟಕ್ಕ ಚೀಲ ಕಟ್ಕೊಂಡು ಎಂಟು ಹುಡುಗ್ಯಾರು,
ಅದೇ ವಯಸ್ಸು, ಅದೇ ತೋಳು,
ಕಿಲೋದ ಮ್ಯಾಲ ಕೂಲಿ.
ತಾಂಡಾದ ಗೋಮ್ಲಿ ಬೇಲಿ ತನಕ ಬಂದು ಕೇಳಿದ್ಲು:
"ಏನ್ರಿ ಸಿಸ್ಟರ್ ಅದು?"
ದೊಡ್ಡಾಕಿ ಆದ ಮ್ಯಾಲ ಒಂದು ಕ್ಯಾನ್ಸರ್ ಬರ್ತದ,
ಬರಬಾರದು ಅಂತ ಈಗಲೇ ಸೂಜಿ, ಅಂದೆ.
"ಶಾಲಿಗಿ ಹೋಗದವರಿಗಿ
ಅದು ಬರಂಗಿಲ್ಲೇನ್ರಿ?"

ಕಲಬುರಗಿ ಟ್ರೇನಿಂಗಿನ್ಯಾಗ
ಇದಕ್ಕ ಉತ್ತರ ಹೇಳಿಕೊಟ್ಟಿರಲಿಲ್ಲ.
ಚಾ ಕುಡಿಯೋವಾಗ ಡಾಕ್ಟರಮ್ಮ ಅಂದಿದ್ರು,
ತಮ್ಮ ಮಗಳಿಗಿ ಹತ್ತಕ್ಕೇ ಹಾಕಿಸೀವಿ, ರೊಕ್ಕ ಕೊಟ್ಟು.
ಸುಳ್ಳ್ಯಾಕ, ನಾನೂ ಹಾಕಿಸೀನಿ ನನ್ನಾಕಿಗಿ,
ಚೀಟಿ ಎತ್ತಿ.

ನಮ್ಮಕ್ಕ ಅಯ್ಯಮ್ಮ.
ನನ್ನ ಫೀಸು ಅಂದ್ರ ಅಕಿ ಆರಿಸಿದ ಹತ್ತಿ.
ಮೂರು ವರ್ಷ ಬಿಳಿ ಹೋಗೋದು
ಯಾರ ಮುಂದೂ ಹೇಳಲಿಲ್ಲ,
ನರ್ಸ್ ಆದ ತಂಗಿ ಮುಂದೂ.
ನಾನಾದ್ರೂ ಎಲ್ಲಿ ಕೇಳಿದ್ದೆ?
ಊರ ಹೆಣ್ಮಕ್ಕಳನ್ನೆಲ್ಲ ಕೇಳ್ತಿದ್ದೆ.
ಅಕಿಗಿ ಹೆಸರು ಬರೆಯೋದು ಕಲಿಸಿದ್ದೆ:
ಮೂರು ಅಕ್ಷರ, ಎರಡು ಒತ್ತು.
ದೊಡ್ಡ ದವಾಖಾನಿ ಕಾಗದದ ಮ್ಯಾಲ
ಮೊದಲ ಸಲ ಬರದ್ಲು, ಒಂದು ಒತ್ತು ಬಿಟ್ಟು.
ತಿದ್ದಲಾ ಅಂದೆ.
ಇರ್ಲಿ ಬಿಡು, ತಿಳೀತದ, ಅಂದ್ಲು.

"ಪಟ್ಟಿಯಾಗ ಇಲ್ಲದವರಿಗಿ ಹಾಕಿದ್ರ
ಲೆಕ್ಕ ಯಾರು ಕೊಡ್ತಾರ ಸಿಸ್ಟರ್?"
ಹೆಡ್‌ಮಾಸ್ತರು ಕೆಟ್ಟವರಲ್ಲ. ನೆರಳಿಗಿ ಬಾ ಅಂದ್ರು,
ನೀರು ಕೊಟ್ರು.

ಹುಟ್ಟಿದ ತಾರೀಕು?
"ಮೆಣಸಿನಕಾಯಿ ಸುಗ್ಗಿಯಾಗ."
ಯಾವ ವರ್ಷದ್ದು?
ಗೋಮ್ಲಿ ಅವ್ವನ ಕಡಿ ನೋಡಿದ್ಲು.
ಅವ್ವ ಬೊಟ್ಟು ಎಣಿಸಿದ್ಲು: ದೊಡ್ಡ ಮಳಿ ಬಂದ ವರ್ಷ,
ಅದರ ಮುಂದಿನ ವರ್ಷ ಎತ್ತು ಮಾರಿದ್ದು,
ಅಂದ್ರ ಹನ್ನೆರಡು ತುಂಬ್ಯಾವ.
ಫೋನಿನ ಖಾನೆ ಸುಗ್ಗಿ ತಗೊಳ್ಳೋದಿಲ್ಲ.
ಕೆಂಪಾಗ್ತದ, ಮತ್ತ ಕೇಳ್ತದ.

ಫೋನು ಚೀಲಕ್ಕ ಹಾಕಿದೆ.
ಅವ್ವಗ ಕಾಗದ ಓದಿ ಹೇಳಿದೆ, ಪೂರಾ,
ಎಲ್ಲೂ ಧ್ವನಿ ಸಣ್ಣ ಮಾಡದಂಗ.
ಅಕಿ ಹೆಬ್ಬಟ್ಟು ಸೆರಗಿಗಿ ಒರೆಸಿ ಒತ್ತಿದ್ಲು.
ಪಟ್ಟಿ ತೆಳಗ ಕೈಯಿಂದ ಗೆರಿ ಎಳದು ಬರದೆ,
ಮೂವತ್ತೆರಡು: ಗೋಮ್ಲಿ.
ನಾಳೆ ಬೈತಾರೋ, ನೋಟಿಸೇ ಬರ್ತದೋ.

ಸೂಜಿ ತಗದು ಹತ್ತಿ ಒತ್ತಿ ಹಿಡಿ ಅಂದೆ.
ಅಕಿ ಅದನ್ನ ಎತ್ತಿ ನೋಡಿ ನಕ್ಕಳು:
"ಇದು ನಾ ಆರಿಸಿದ್ದೇ ಇರಬೇಕ್ರಿ."

ಬೇಲಿ ಗುಂಟ ಏಳು ಮಂದಿ,
ತೋಳು ಮ್ಯಾಲ ಏರಿಸಿಕೊಂಡೇ ನಿಂತಿದ್ರು.
ಡಬ್ಬಿಯಾಗ ನಾಲ್ಕು.
ಐಸು ಕರಗಲಿಕ್ಕ ಹತ್ತಿತ್ತು.