ಕಪ್ಪಿಯ ಕೆಳಗೆ

ಮೊದಲು ಒಲೆ ಆರಿಸು, ಅಂದ ಸಗಿನ್‌ಬಾಯ್.
ಹೊರಗೆ ನಾರಿನ್ ನದಿ ಮೇಲೆ ಕಲ್ಲಾಗಿ
ಒಳಗೊಳಗೇ ಹರಿಯುತ್ತಿತ್ತು.
ನಮ್ಮ ಗ್ಯಾರೇಜೆಂದರೆ ಹಳೆಯ ರೈಲು ಕಂಟೇನರು,
ಬಿಟ್ಟ ಉಸಿರು ತಗಡಿಗಂಟಿ ಹೆಪ್ಪುಗಟ್ಟುತ್ತದೆ.
ಪೆಟ್ರೋಲಿನ ನಳಿಗೆ ಬಿಚ್ಚುವ ದಿನ ಕೆಂಡ ಇರಕೂಡದು.
ಚಳಿ ನಡುಗಿಸುತ್ತೆ ಅಷ್ಟೇ, ಬೂರುಲ್, ಅಂದ.
ಆ ಬೆಳಗ್ಗೆ ಅವನಾಡಿದ ಅತಿ ಉದ್ದದ ಮಾತು ಅದು.

ದನದ ಡಾಕ್ಟರು ಕೆರಿಮ್‌ಕುಲ್ ಅವರ ನೀವಾ.
ಹದಿನೆಂಟು ಚಳಿಗಾಲ ಕುರಿದೊಡ್ಡಿಗಳ ದಾರಿ ತುಳಿದು
ಕ್ಲಚ್ಚು ಸುಟ್ಟುಕೊಂಡಿದೆ;
ಎಂಜಿನ್ನಿನ ಬೆನ್ನಿಂದ ಎಣ್ಣೆ ಜಿನುಗುತ್ತದೆ,
ಮುದಿ ನಾಯಿಯ ಕಣ್ಣಿನ ಹಾಗೆ.
ಡಾಕ್ಟರು ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ.
ಎಷ್ಟೋ ಹಸುಗಳ ಹೊಟ್ಟೆಗೆ ಮೊಣಕೈವರೆಗೂ ಕೈಯಿಟ್ಟವರು
ಇದನ್ನು ನೋಡಲಾರದೆ ಹೋದರು,
ಮೊಬೈಲನ್ನು ನಮ್ಮ ಮೇಜಿನ ಮೇಲೆ ಮರೆತು.

ಬ್ಯಾಟರಿಯಲ್ಲಿ ಮೊದಲು ಋಣ ಕಳಚಬೇಕು, ಆಮೇಲೆ ಧನ.
(ಬದುಕಿನಲ್ಲೂ ಹಾಗೇ ಆಗಿದ್ದರೆ ಚೆನ್ನಿತ್ತು.)
ಬಾನೆಟ್ಟಿನ ಕೀಲಿನ ಸುತ್ತ ಪೆನ್ಸಿಲ್ ಗೆರೆ ಎಳೆದೆ,
ಮರಳಿ ಕೂಡಿಸುವ ದಿನಕ್ಕೊಂದು ಗುರುತು.
ರೇಡಿಯೇಟರಿನ ಹಸಿರು ನೀರು ಬಕೆಟ್ಟಿಗಿಳಿಯಿತು;
ಸಿಹಿಯಾಗಿರುತ್ತೆ, ನಾಯಿ ನೆಕ್ಕಿ ಸಾಯುತ್ತೆ, ಮುಚ್ಚು.
ಮುಚ್ಚಿದೆ.
ಬಿಚ್ಚಿದ ಒಂದೊಂದು ತಂತಿಗೂ ಒಂದೊಂದು ಬಣ್ಣದ ದಾರ,
ಚಿಕ್ಕಮ್ಮ ಕಂಬಳಿ ಹೊಲಿದು ಮಿಗಿಸಿದ ಉಣ್ಣೆ.
ಕೆಂಪಿಗೆ ಸ್ಟಾರ್ಟರು, ನೀಲಿಗೆ ಡೈನಮೋ,
ಹಳದಿ ಯಾವುದಕ್ಕೆಂದು ಆಗಲೇ ಮರೆತಿದ್ದೆ.
ಅವನಿಗೆ ಹೇಳಲಿಲ್ಲ.

ಕಬ್ಬಿಣ ಬೆರಳಿನ ತೊಗಲು ಹಿಡಿದು ಬಿಡುತ್ತಿರಲಿಲ್ಲ.
ಮೇಲಿನ ಬೋಲ್ಟು ಮೂರು ಸಲ ಸ್ಪಾನರನ್ನು ಜಾರಿಸಿ
ನಾಲ್ಕನೆಯ ಸಲ ಕಿರ್ರೆಂದು ಒಪ್ಪಿಕೊಂಡಿತು.
ಗೇರ್‌ಬಾಕ್ಸಿನ ಹೊಟ್ಟೆಗೆ ಜಾಕಿ, ಜಾಕಿಗೂ ಅದಕ್ಕೂ ನಡುವೆ ಹಲಗೆ.
ಚೈನು ಎರಡು ಕಡೆ, ಕೊಕ್ಕೆಯ ನಾಲಗೆ ಮುಚ್ಚಿದೆಯೇ ನೋಡು,
ಜಡೆ ಟೊಪ್ಪಿಗೆಯೊಳಗೆ ತುರುಕು,
ಕೆಳಗೆ ಕೈ ಬೇಡ, ಕಾಲು ಬೇಡ, ಬಿದ್ದ ನಟ್ಟೂ ಬೇಡ.
ಉಸ್ತಾದ ಎಡಗಾಲು ಎಳೆದು ನಡೆಯುತ್ತಾನೆ.
ಯಾಕೆಂದು ನಾನು ಕೇಳಿಲ್ಲ, ಅವನು ಹೇಳಿಲ್ಲ.

ಕಪ್ಪಿ ಕಟಕಟ ಅಂದಿತು. ಇನ್ನೊಂದು ಹಲ್ಲು. ಇನ್ನೊಂದು.
ಈಗ ಮೇಲಲ್ಲ, ಮುಂದಕ್ಕೆ!
ನೇರ ಎಳಿ. ಒಂದರ ಭಾರ ಇನ್ನೊಂದರ ಕತ್ತಿಗೆ ಬಿದ್ದರೆ
ಶಾಫ್ಟು ಬಾಗುತ್ತೆ, ಎರಡೂ ಕೆಡುತ್ತವೆ.
ಬಿಡಿಸುವಾಗ ಇಬ್ಬರಿಗೂ ಆಸರೆ ಬೇಕು.
ನಮ್ಮ ಅಪ್ಪ ಅಮ್ಮನನ್ನು ಬಿಡಿಸಿದ ಪಂಚಾಯಿತಿಯಲ್ಲಿ
ಈ ಮನುಷ್ಯ ಇರಬೇಕಿತ್ತು ಅನ್ನಿಸಿತು.

ಎಂಜಿನ್ನು ಗಾಳಿಯಲ್ಲಿ ತೂಗಿದ ಗಳಿಗೆಗೇ
ಮೇಜಿನ ಮೇಲೆ ಮೊಬೈಲು ಬಡಿದುಕೊಂಡಿತು.
ನಿಂತಿತು. ಮತ್ತೆ ಬಡಿಯಿತು.
ಎಲ್ಲೋ ಒಂದು ಹಸು ಮಲಗಿ ಏಳದೆ ಇರಬಹುದು,
ಕರುವಿನ ಗೊರಸು ಮಾತ್ರ ಹೊರಗೆ ಬಂದಿರಬಹುದು.
ನಾನು ತಿರುಗಿದೆ.
ನೇತಾಡೋದನ್ನು ಬಿಟ್ಟು ಹೋಗಬಾರದು!
ಕೂಗಲಿಲ್ಲ ಅವನು. ಕೂಗಿದ್ದರೆ ಚೆನ್ನಿತ್ತು.
ಚೈನಿನ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಅವನ ಕಣ್ಣು,
ಬೆರಳಗಲ ಬೆರಳಗಲ ಇಳಿಸಿದೆವು,
ಲಾರಿಯ ಸವೆದ ಟೈರು ಉಸ್ಸೆಂದು ಭಾರ ಹೊತ್ತುಕೊಳ್ಳುವವರೆಗೆ.
ಅಷ್ಟೂ ಹೊತ್ತು ಬಡಿಯಿತು ಅದು.

ಕರೆ ತಗೊಂಡೆ. ಹೆಂಗಸಿನ ದನಿ:
ಡಾಕ್ಟರು ಕುದುರೆ ಮೇಲೆ ಬಂದು ತಲುಪಿದರು,
ಮೊಬೈಲು ಅಲ್ಲಿದೆಯಾ ಅಂತ ಕೇಳಿ ಅಂದರು.
ಇದೆ, ಅಂದೆ. ಹಸು ಹೇಗಿದೆ ಅನ್ನುವಷ್ಟರಲ್ಲಿ ಕಡಿದುಹೋಯಿತು.

ಎಂಜಿನ್ನಿದ್ದ ಕಡೆ ಈಗ ನೇರ ನೆಲ ಕಾಣುತ್ತಿತ್ತು;
ಬಾಗಿಲ ಸಂದಿಯಿಂದ ಹಿಮದ ಬೆಳಕು ಒಳಬಂದು
ಹದಿನೆಂಟು ವರ್ಷ ಬಿಸಿಲು ಕಾಣದ ತಗಡನ್ನು ಮುಟ್ಟಿ ನೋಡುತ್ತಿತ್ತು.
ಒಂದು ಮೂಲೆಯಲ್ಲಿ ಇಲಿಯ ಗೂಡು,
ಕುರಿಯುಣ್ಣೆ, ಒಣಹುಲ್ಲು, ಔಷಧದ ಚೀಟಿ.

ಒಲೆ ಹಚ್ಚಲಾ?
ಮೂಗೆತ್ತಿ ಗಾಳಿ ಮೂಸಿದ. ಇನ್ನೂ ಪೆಟ್ರೋಲು.
ಕಂಕುಳಲ್ಲಿ ಕೈ ಹುದುಗಿಸಿ ನಿಂತೆವು ಇಬ್ಬರೂ.
ಹಳದಿ ದಾರ ತೋರಿಸಿ, ಇದು ಯಾವುದು, ಅಂದ.