ಹದಿನಾಲ್ಕು

ಹನ್ನೊಂದು ಸಲ ಅವನನ್ನು ಹೊರಗೆ ನಿಲ್ಲಿಸಿದ್ದೇನೆ.
ಹಾಜರಿ ಪುಸ್ತಕದಲ್ಲಿ ಲೆಕ್ಕ ಇದೆ,
ಕೆಂಪು ಶಾಯಿ, ನನ್ನದೇ ಅಕ್ಷರ:
ತೀರ್ಥೇಶ ಎಚ್., ಎಂಟನೇ ಬಿ, ತಡ.

ಹನ್ನೆರಡನೇ ಸಲ ಕಂಡದ್ದು
ಅವನ ಮೊಣಕೈ ಮೇಲೆ ಒಣಗಿದ ಸೋಪಿನ ನೊರೆ.
"ಏನೋ, ಮೀಸೆಯೇ ಬಂದಿಲ್ಲ, ಶೇವಿಂಗಾ?"
ಕ್ಲಾಸು ನಕ್ಕಿತು. ಅವನೂ ನಕ್ಕ.
"ಅಪ್ಪಂದು ಮಿಸ್" ಅಂದ,
ಬಸ್ಸು ತಡ ಆಯ್ತು ಅನ್ನುವಷ್ಟೇ ಸಲೀಸಾಗಿ.

ಆ ಸಂಜೆ ಹೋದೆ. ಆಟೋ ಕಾಂಪ್ಲೆಕ್ಸಿನ ಹಿಂದಿನ ಓಣಿ,
ಗ್ರೀಸು ಕುಡಿದು ಕಪ್ಪಾದ ಮಣ್ಣು,
ಗಾಲಿಯಿಲ್ಲದ ಒಂದು ಲಾರಿ, ಅದರೊಳಗೆ ಕೋಳಿ.
ಬುದ್ಧಿ ಹೇಳಲೆಂದೇ ಹೋಗಿದ್ದೆ, ನಿಜ ಹೇಳಬೇಕಲ್ಲ.
ಅಮ್ಮ ಬೆಳಗ್ಗೆ ಆರಕ್ಕೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ
ಇಳಿಯುವುದು ರಾತ್ರಿ ಏಳಕ್ಕೆ.
ಬಿಸಿಯೂಟದ ಬೆಲ್ಲಿಗೆ ಇವನು ಮಾಯವಾಗುವುದು ಎಲ್ಲಿಗೆ
ಎಂದು ಆಗ ಗೊತ್ತಾಯಿತು.

ಹಾಲೇಶಪ್ಪ ಮಂಚದ ಮೇಲೆ.
ನುಣ್ಣಗೆ ಬೋಳಿಸಿದ ಕೆನ್ನೆ,
ಗದ್ದದ ಕೆಳಗೆ ಪೇಪರಿನ ಚೂರು ಅಂಟಿಸಿದ ಸಣ್ಣ ಗಾಯ.
ಬಲಗೈ, ಬಲಗಾಲು, ಮಾತು,
ಮೂರನ್ನೂ ಒಂದೇ ಬೆಳಗ್ಗೆ ಕೊಂಡೊಯ್ದ ಲಕ್ವ
ಯಾಕೋ ಒಂದು ಪದ ಮರೆತು ಬಿಟ್ಟು ಹೋಗಿದೆ:
ಹದಿನಾಲ್ಕು.
ಸ್ಪ್ಯಾನರಿನ ನಂಬರು. ಇಪ್ಪತ್ತು ವರ್ಷ
ಲಾರಿಯಡಿ ಮಲಗಿ, ಕೈ ಹೊರಗೆ ಚಾಚಿ ಕೇಳಿದ್ದು.

ನೀರಿಗೆ ಹದಿನಾಲ್ಕು. ಒಂದಕ್ಕೆ ಹದಿನಾಲ್ಕು.
ಫ್ಯಾನು ನಿಲ್ಲಿಸೋ, ನೊಣ ಓಡಿಸೋ, ಸಿಟ್ಟು, ನಾಚಿಕೆ,
ಎಲ್ಲಕ್ಕೂ.
ಹುಡುಗ ಒಳಗಿಂದಲೇ ಓಗೊಡುತ್ತಾನೆ,
ಯಾವುದು ಯಾವುದಕ್ಕೆ ಅಂತ ಒಮ್ಮೆಯೂ ತಪ್ಪಲಿಲ್ಲ,
ನನ್ನ ವ್ಯಾಕರಣದ ಪೇಪರಿನಲ್ಲಿ
ಐವತ್ತಕ್ಕೆ ಹನ್ನೆರಡು ತೆಗೆದವನು.

ತಂದ ಬುದ್ಧಿಯನ್ನು ಚೀಲದಲ್ಲೇ ಇಟ್ಟುಕೊಂಡು
ಟೀ ಕುಡಿದು ಬಂದೆ. ಅವನೇ ಮಾಡಿದ್ದು. ಸಕ್ಕರೆ ಜಾಸ್ತಿ.

ಆಮೇಲಿನದು ದೊಡ್ಡ ಕಥೆಯಲ್ಲ.
ಶೆಡ್ಡಿನ ಮುನೀರಣ್ಣ ದಿನಾ ಬೆಳಗ್ಗೆ ಬಂದು
ಎತ್ತಿ ಕೂರಿಸಿ ಹೋಗುತ್ತಾನೆ.
ಒಂದು ದಿನ ನಿಜವಾದ ಹದಿನಾಲ್ಕನ್ನೇ ಒರೆಸಿ ತಂದು
ಎಡಗೈಗೆ ಇಟ್ಟ.
ಹಾಲೇಶಪ್ಪ ಅದನ್ನು ನೋಡಿದ, ಗೆಳೆಯನನ್ನು ನೋಡಿದ.
ಇದಲ್ಲ ಮಾರಾಯ ಅಂತ ಹೇಳುವುದಕ್ಕೂ
ಅವನಲ್ಲಿ ಇದ್ದದ್ದು ಅದೇ ಪದ.

ಶನಿವಾರ ಮಧ್ಯಾಹ್ನ ನನ್ನದು.
ಮೊದಲ ಶನಿವಾರ ಹುಡುಗ ಹೋಗಲೇ ಇಲ್ಲ.
ಹೊಸ್ತಿಲಲ್ಲಿ ನಿಂತ, ಚಪ್ಪಲಿ ಮೆಟ್ಟಿದ, ಬಿಟ್ಟ.
"ಎಲ್ಲಿಗೆ ಹೋಗ್ಲಿ ಮಿಸ್?"
ಹೊರಗೆ ನಿಲ್ಲಿಸುವುದು ನನಗೆ ಬರುತ್ತಿತ್ತು,
ಹೊರಗೆ ಕಳಿಸುವುದು ಬರುತ್ತಿರಲಿಲ್ಲ.

ಈಗ ಹೋಗುತ್ತಾನೆ. ತುಂಗೆಯ ಹಳೇ ಸೇತುವೆ ಆಚೆ ಕ್ರಿಕೆಟ್ಟಂತೆ.
ಬರುವಾಗ ಮೊಣಕಾಲು ತರಚಿರುತ್ತದೆ,
ನೋಡಿ ಒಳಗೊಳಗೇ ಖುಷಿ ನನಗೆ.
ನಾನೂ ಕಲಿಯುತ್ತಿದ್ದೇನೆ, ನಿಧಾನ.
ಮೂರು ತಿಂಗಳಿಗೆ ಮೂರು ಹದಿನಾಲ್ಕು ಬಂದಿವೆ:
ನೀರಿನದು ಗಿಡ್ಡ.
ಫ್ಯಾನಿನದು ಮೇಲೆ ನೋಡಿ.
ಇನ್ನೊಂದು ಬಾಗಿಲ ಕಡೆಗೆ, ಕೊನೆಯಲ್ಲಿ ಸ್ವಲ್ಪ ಎಳೆದು.
ಅದಕ್ಕೆ ಮಾತ್ರ ಎದ್ದು ಹೋಗಿ ಏನೂ ತರುವಂತಿಲ್ಲ,
ಉತ್ತರ ಹೇಳಬೇಕು:
ಆಡ್ಲಿಕ್ಕೆ ಹೋಗಿದಾನೆ ಹಾಲೇಶಪ್ಪ,
ಬರ್ತಾನೆ. ಹೊತ್ತು ಮುಳುಗಲಿ.