ಕಾಲು ಚಮಚ

ಪಾಸ್ಕಲ್ ಹೇಳಿದ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ.
ತಿರೊ. ಕಾಫ್. ಟೆರಿ.
"ಸುಡುವ ಗಿಣ್ಣು ಅಂತ ಇಟ್ಕೊಳ್ಳಿ" ಅಂದ,
ಕೋಳಿಯ ರೆಕ್ಕೆ ಕತ್ತರಿಸುತ್ತಲೇ.
ಗ್ರೀಕರ ಹಡಗಿನ ಅಡುಗೆಮನೆಯಲ್ಲಿ ಹನ್ನೊಂದು ವರ್ಷ ಬೆಂದು
ಸಾಗರ ಬಿಟ್ಟು ಸಾಗರಕ್ಕೇ ಬಂದು
ರೈಲ್ವೆ ಗೇಟಿನ ಹತ್ತಿರ ಅಂಗಡಿ ಇಟ್ಟವನು.

ಗಿಣ್ಣೆಂದರೆ ನಮಗೆ
ದನ ಕರು ಹಾಕಿದ ಮೂರು ದಿನದ ಹಾಲು, ಬೆಲ್ಲ, ಏಲಕ್ಕಿ.
ಅದು ಸುಡುವುದು ಹೇಗೆ?

ನಾನು ಕರೆಂಟಿನ ಮೀಟರ್ ಓದುವವನು.
ಬಿಲ್ಲಿನ ಹಿಂಬದಿಗೆ ಬರೆದುಕೊಂಡೆ:
ಆಡಿನ ಹಾಲು. ನಿಂಬೆ. ಉಪ್ಪುನೀರಲ್ಲಿ ಆರು ದಿನ.
ಕೆಂಪು ದೊಣ್ಣೆಮೆಣಸು, ಸುಟ್ಟು ಸಿಪ್ಪೆ ತೆಗೆದದ್ದು.
ಬೆಳ್ಳುಳ್ಳಿ. ಆಲಿವ್ ಎಣ್ಣೆ.
ಖಾರ, ತಡೆದಷ್ಟು.

ಮೂಕಾಂಬು ಉಪ್ಪಿನಕಾಯಿ ಫ್ಯಾಕ್ಟರಿಯಲ್ಲಿ
ರುಚಿ ನೋಡುವವಳಾಗಿದ್ದಳು.
ಮಿಡಿಯ ಸೊನೆ ಮೂಸಿ
ಮರ ಯಾವ ಹೊಳೆದಂಡೆಯದೆಂದು ಹೇಳುತ್ತಿದ್ದಳು.
ಕೆಟ್ಟ ಪೀಪಾಯಿ ಮುಚ್ಚಳ ತೆರೆಯುವ ಮೊದಲೇ ಸಿಕ್ಕಿಬೀಳುತ್ತಿತ್ತು.
ಹೋದ ವರ್ಷ ಜ್ವರ ಬಂತು, ನಾಲ್ಕೇ ದಿನ,
ಹೋಗುವಾಗ ಮೂಗನ್ನು ಹೊತ್ತುಕೊಂಡು ಹೋಯಿತು.
ಇಂಗಿಲ್ಲ, ಕಾಫಿಯಿಲ್ಲ,
ಗ್ಯಾಸು ಸೋರಿದರೂ ಇಲ್ಲ.
ಅಂದಿನಿಂದ ರಾತ್ರಿ ಒಲೆಯ ಕಿವಿ ಹಿಂಡಿ ನೋಡಿ
ಆಮೇಲೆ ಮಲಗುವುದು ನನ್ನ ಕೆಲಸ.
ಊಟ ಹೇಗಿದೆ ಅಂದರೆ "ಕಾಗದ" ಅನ್ನುತ್ತಾಳೆ.
ದೂರಲ್ಲ, ವರದಿ.
ಫ್ಯಾಕ್ಟರಿಯವರು ಲೇಬಲ್ ಅಂಟಿಸಲು ಕೂರಿಸಿದ್ದಾರೆ.

ಡಾಕ್ಟರು ಅಂದರು:
ಉಪ್ಪು, ಹುಳಿ ನಾಲಿಗೆಯ ಪಾಲು, ಉಳಿದಿದೆ.
ಖಾರ ರುಚಿಯೇ ಅಲ್ಲ ಮಾರಾಯರೇ, ನೋವು. ಅದೂ ಉಳಿದಿದೆ.

ಹೆಂಡತಿಗೆ ನೋವು ಉಳಿದಿದೆ ಅಂದಾಗ
ಹಿಗ್ಗಿದ ಗಂಡ ನಾನೊಬ್ಬನೇ ಇರಬೇಕು.

ಹಾಲು ಕೊಟ್ಟವರು ಜೈತೂನ್‌ಬಿ.
ಅವರ ಮೀಟರಿನ ಕೆಳಗೇ ಕಟ್ಟಿದ ಆಡು,
ತಿಂಗಳಿಗೊಮ್ಮೆ ನನ್ನ ಬಿಲ್ಲು ತಿನ್ನುವ ಆಡು.
ಮೆಡಿಕಲ್ ಶಾಪಿನಿಂದ ತಂದ ಪುಟ್ಟ ಬಾಟಲಿ ತೋರಿಸಿದರೆ
ಕನ್ನಡಕ ಏರಿಸಿ ನಕ್ಕರು:
"ಇದು ನನ್ನ ಹೆಸರು ಕಣಣ್ಣ.
ಜೈತೂನ್ ಅಂದ್ರೆ ಇದೇ ಕಾಯಿ.
ಅರವತ್ತು ವರ್ಷಕ್ಕೆ ನನ್ನ ಹೆಸರಿನ ರುಚಿ ನೋಡಿಲ್ಲ ನಾನು."
ಅಂಗೈಗೆ ಎರಡು ಹನಿ ಬಿಟ್ಟೆ.
ನೆಕ್ಕಿ, ಮುಖ ಕಿವಿಚಿ,
"ಕಹಿ" ಅಂದರು. ಮತ್ತೆ ಅಂಗೈ ಚಾಚಿದರು.

ಹಾಲು ಒಡೆಯಿತು. ಹಳೇ ಪಂಚೆಯ ತುಂಡಲ್ಲಿ ಕಟ್ಟಿ
ಮೇಲೆ ರುಬ್ಬುವ ಗುಂಡು ಹೇರಿದೆ, ರಾತ್ರಿಯಿಡೀ.
ಬೇರೆ ಭರಣಿ ಇರಲಿಲ್ಲ;
ಹೋದ ಸಲದ ಮಿಡಿ ಮುಗಿದ ಭರಣಿಯಲ್ಲೇ ಮುಳುಗಿಸಿದೆ.
ಆರನೇ ದಿನ ತೆರೆದರೆ
ಗ್ರೀಸಿನದೂ ಅಲ್ಲದ, ಊರಿನದೂ ಅಲ್ಲದ ಒಂದು ಘಮ.
ಒಬ್ಬನೇ ಮೂಸಿದೆ.
ಕದ್ದವನ ಹಾಗೆ ಮುಚ್ಚಿಟ್ಟೆ.

ದೊಣ್ಣೆಮೆಣಸು ಉರಿಯ ಮೇಲೆ ಕರಿಯಾಗಿ ಸಿಡಿಯಿತು.
ಖಾರಕ್ಕೆ ಹಿತ್ತಿಲ ಸೂಜಿಮೆಣಸು,
ಪಾಸ್ಕಲ್ ಹೇಳಿದ್ದು ಎರಡು, ನಾನು ಹಾಕಿದ್ದು ಒಂಬತ್ತು.
ಒಂದು ಸೌಟು ಗಟ್ಟಿ ಮೊಸರು, ಆ ಕಹಿ ಎಣ್ಣೆ,
ಅರೆದಾಗ ಹೆಂಚಿನ ಪುಡಿಯ ಬಣ್ಣ.

ಅಕ್ಕಿರೊಟ್ಟಿಯ ಅಂಚಿಗೆ ಸವರಿ ಕೊಟ್ಟೆ.
ಅಗಿದಳು. ಗೋಡೆ ನೋಡಿದಳು.
ಕಿವಿ ಕೆಂಪಾಯಿತು, ಕಣ್ಣಲ್ಲಿ ನೀರು.
(ಅರ್ಥ ಹಚ್ಚಬೇಡಿ, ಒಂಬತ್ತು ಮೆಣಸು.)
ವರ್ಷದಿಂದ ಸುಮ್ಮನೆ ಕೂತಿದ್ದ ಮೂಗು
ಸೊರ್ರೆಂದು ಇಳಿಯಿತು.
ಸೆರಗಲ್ಲಿ ಒರೆಸಿ ಇನ್ನೊಂದು ತುಂಡು ಮುರಿದಳು.
ಕಂಬದಲ್ಲಿ ಫ್ಯೂಸು ಹಾಕಿದ ಲೈನ್‌ಮನ್ನಿನ ಕೆಳಗೆ
ನಿಂತವನಂತೆ ನಿಂತಿದ್ದೆ.

"ಉಪ್ಪು," ಅಂದಳು.
ತುಟಿ ಚಪ್ಪರಿಸಿದಳು.
"ಕಾಲು ಚಮಚ ಜಾಸ್ತಿ. ಹುಳಿ ಸರಿಯಿದೆ.
ಮುಂದಿನ ಸಲ ಗಿಣ್ಣನ್ನ ಒಂದು ಗಂಟೆ ನೀರಲ್ಲಿಟ್ಟು ಅರೆಯಿರಿ."

ಬಿಲ್ಲಿನ ಹಿಂಬದಿಗೆ ಅದನ್ನೂ ಬರೆದೆ.

"ಫೇಲು," ಅಂದಳು,
ಪೀಪಾಯಿಗಳಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ,
ಮೂರನೇ ತುಂಡು ಮುರಿಯುತ್ತ.